ಟಿಟಿ-02 ರೇಸ್ ಕಾರಿಗೆ ಕಡಿಮೆ ಬೆಲೆಯ ಟ್ರಾನ್ಸ್‌ಮಿಟರ್: ಯಾವುದು ತಗೊಳ್ಳೋದು?

ಟಿಟಿ02_ಹೊಸಬ
ಟಮಿಯಾ ಟಿಟಿ-02 ರಿಮೋಟ್ ಕಾರಿನ ಕಿಟ್ ತಗೊಂಡು ಜೋಡಿಸಿ ಮುಗಿಸಿದ್ದೇನೆ. ಡಬ್ಬದಲ್ಲಿ ಮೋಟರ್ ಇತ್ತು, ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿ ಇತ್ತು. ಮುಂದಿನ ಚಕ್ರ ತಿರುಗಿಸುವ ಸರ್ವೋ ಮತ್ತು ರೇಡಿಯೊ (ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್, ಕಾರಿನೊಳಗಿನ ರಿಸೀವರ್) ನಾವೇ ಹಾಕಿಕೊಳ್ಳಬೇಕು. ಇಲ್ಲಿಯವರೆಗೆ ಓಡಿಸಿದ್ದು ಡಬ್ಲ್ಯೂಎಲ್‌ಟಾಯ್ಸ್ 144001 ಮಾತ್ರ. ಅದರ ರಿಮೋಟನ್ನೇ ಇದಕ್ಕೂ ಬಳಸಬಹುದಾ?

ಬೆಂಗಳೂರಿನಲ್ಲಿದ್ದೇನೆ. ಭಾನುವಾರ ಬೆಳಗ್ಗೆ ಇನ್ನೂ ಮನೆಗಳು ಎದ್ದಿರದ ಹೊಸ ಲೇಔಟ್ ರಸ್ತೆಯಲ್ಲಿ ಕೋನ್ ಇಟ್ಟು ನಾಲ್ಕೈದು ಜನ ರೇಸ್ ಮಾಡುತ್ತೇವೆ. ಮುಂದೆ ಸರಿಯಾದ ಟ್ರ್ಯಾಕಿಗೂ ಹೋಗುವ ಆಸೆ ಇದೆ. ಸರ್ವೋ ಸೇರಿ ಬಜೆಟ್ 10 ಸಾವಿರ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆದರೂ ಮನೆಯಲ್ಲಿ ಉತ್ತರ ಹೇಳಬೇಕು. ನೋಡಿಟ್ಟಿರುವುದು ಇವು: ಫ್ಲೈಸ್ಕೈ ಜಿಟಿ3ಬಿ, ಜಿಟಿ5, ಡಂಬೋಆರ್‌ಸಿ ಎಕ್ಸ್6, ರೇಡಿಯೋಲಿಂಕ್ ಆರ್‌ಸಿ4ಜಿಎಸ್, ಸಾನ್ವಾ ಎಂಎಕ್ಸ್-6. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀವೇನಂತೀರಿ?

ಎಸ್ಪಿರೋಡ್_ಗಿರಾಕಿ
144001ರ ರಿಮೋಟ್ ಮರೆತುಬಿಡಿ. ಆ ಕಾರಿನಲ್ಲಿ ರಿಸೀವರ್ ಮತ್ತು ಇಎಸ್‌ಸಿ ಒಂದೇ ಬೋರ್ಡ್ ಮೇಲಿವೆ. ರಿಸೀವರನ್ನು ಬೇರೆ ಕಿತ್ತು ಟಿಟಿ-02ಗೆ ಹಾಕಲು ಬರುವುದಿಲ್ಲ. ಅದೇ ಕಂಪನಿಯ ಹಳೆ ಎ959, 12428 ಇದ್ದವರಿಗೆ ಇನ್ನೊಂದು ತಲೆನೋವು. ಅವುಗಳ ಸರ್ವೋಗೆ ಐದು ವೈರ್. ಮಾಮೂಲಿ ಮೂರು ವೈರಿನ ರಿಸೀವರಿಗೆ ಅದು ಕೂರುವುದೇ ಇಲ್ಲ.

ನಿಮ್ಮ ಪಟ್ಟಿಯಲ್ಲಿ ನನ್ನ ಓಟು ಡಂಬೋಗೆ. ಹೆಸರು ಕೇಳಿ ನಗಬೇಡಿ. ಕೆಲಸ ಮಾಡುತ್ತದೆ.

ಕೆಮ್ಮಣ್ಣು_ರೇಸರ್
ಮೊದಲು ಒಂದು ಪ್ರಶ್ನೆ. ನಿಮ್ಮ ಜೊತೆ ಓಡಿಸುವ ಆ ನಾಲ್ಕೈದು ಜನರ ಕೈಯಲ್ಲಿ ಯಾವ ರೇಡಿಯೊ ಇದೆ?

ಟಿಟಿ02_ಹೊಸಬ
ಇಬ್ಬರ ಹತ್ತಿರ ಜಿಟಿ5. ಒಬ್ಬರದು ಕಾರಿನ ಜೊತೆಗೇ ಬಂದ ರಿಮೋಟ್. ಇನ್ನೊಬ್ಬರ ಹತ್ತಿರ ಸಾನ್ವಾ ಇದೆ, ಯಾವ ಮಾಡೆಲ್ ಗೊತ್ತಿಲ್ಲ, ಮುಟ್ಟೋಕೆ ಬಿಡಲ್ಲ. ಯಾಕೆ ಕೇಳಿದಿರಿ?

ಕೆಮ್ಮಣ್ಣು_ರೇಸರ್
ಯಾಕೆಂದರೆ ನೀವು ತಗೊಳ್ಳುತ್ತಿರುವುದು ಟ್ರಾನ್ಸ್‌ಮಿಟರ್ ಅಲ್ಲ, ರಿಸೀವರುಗಳ ಸಾಲು. ಇವತ್ತು ಒಂದು ಕಾರು. ಈ ಹುಚ್ಚು ಹಿಡಿದ ಯಾರೂ ಒಂದೇ ಕಾರಿಗೆ ನಿಂತದ್ದು ನಾನು ನೋಡಿಲ್ಲ. ಮುಂದಿನ ವರ್ಷ ಮಣ್ಣಿನಲ್ಲಿ ಓಡಿಸುವ ಬಗ್ಗಿ ಕಾರು ಒಂದು ಬರುತ್ತದೆ, ಆಮೇಲೆ ಇನ್ನೊಂದು. ಟ್ರಾನ್ಸ್‌ಮಿಟರ್ ಅದೇ ಇರುತ್ತದೆ, ಪ್ರತಿ ಕಾರಿಗೂ ಒಂದು ರಿಸೀವರ್ ಬೇಕು. ಆದ್ದರಿಂದ ಅಂಗಡಿಯವನು ಹೇಳುವ ಸೆಟ್ ಬೆಲೆಗೆ ಇನ್ನೂ ಎರಡು ರಿಸೀವರಿನ ಬೆಲೆ ಕೂಡಿಸಿ. ಆಮೇಲೆ ಹೋಲಿಸಿ ನೋಡಿ. ಪಟ್ಟಿಯ ಕ್ರಮವೇ ಬದಲಾಗುತ್ತದೆ.

ಒಂದು ಉದಾಹರಣೆ. ಸಾನ್ವಾದ ಆರ್‌ಎಕ್ಸ್-482 ಅನ್ನುವ ರಿಸೀವರ್ ಒಂದರ ದುಡ್ಡಿಗೆ ಡಂಬೋಆರ್‌ಸಿ ಎಕ್ಸ್6 ಪೂರ್ತಿ ಸೆಟ್ಟೇ ಬಂದು ಚಿಲ್ಲರೆ ಉಳಿಯುತ್ತದೆ. ಎಂಎಕ್ಸ್-6ಗೆ ಆ ದುಬಾರಿ ರಿಸೀವರ್ ಬೇಡ, ಅದಕ್ಕೆ ಆರ್‌ಎಕ್ಸ್-391ಡಬ್ಲ್ಯೂ ಅಂತ ನೀರು ತಡೆಯುವ ಬೇರೆ ರಿಸೀವರ್ ಇದೆ, ಬೆಲೆಯೂ ಕಡಿಮೆ. ಆದರೆ ಅದರ ಪ್ರೋಟೊಕಾಲ್, ಅಂದರೆ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಮಾತಾಡುವ ಭಾಷೆ, ಎಫ್‌ಎಚ್-ಇ. ನಾಳೆ ನೀವು ಸಾನ್ವಾದಲ್ಲೇ ಮೇಲಿನ ಮಾಡೆಲ್ಲಿಗೆ ಹೋದಾಗ ಹಳೆ ರಿಸೀವರ್ ಜೊತೆಗೆ ಬರುತ್ತದೆ ಅಂತ ನಂಬಿ ಕೂರಬೇಡಿ.

ಫ್ಲೈಸ್ಕೈನಲ್ಲೂ ಇದೇ ಕಥೆ. ಜಿಟಿ3ಬಿ ಹಳೆಯ ಎಎಫ್‌ಎಚ್‌ಡಿಎಸ್, ಜಿಟಿ5 ಎಎಫ್‌ಎಚ್‌ಡಿಎಸ್ 2ಎ, ನೋಬಲ್ ಎನ್‌ಬಿ4 ಎಎಫ್‌ಎಚ್‌ಡಿಎಸ್ 3. ಜಿ7ಪಿ ಬಂದಾಗ ಪ್ರೋಟೊಕಾಲ್ ಮತ್ತೆ ಬೇರೆ. ಒಂದೇ ಕಂಪನಿಯ ಸ್ಟಿಕ್ಕರ್ ಇದೆ ಅಂತ ರಿಸೀವರ್ ತಂದು, ಅದು ಟ್ರಾನ್ಸ್‌ಮಿಟರಿಗೆ ಜೋಡಿಯಾಗದೆ (ಬೈಂಡ್ ಆಗದೆ) ಗಂಟೆಗಟ್ಟಲೆ ಬಟನ್ ಒತ್ತುವವರು ಪ್ರತಿ ಸೀಸನ್ನಿನಲ್ಲೂ ಸಿಗುತ್ತಾರೆ.

ಇಬ್ಬರು ಗೆಳೆಯರ ಹತ್ತಿರ ಜಿಟಿ5 ಇದೆ ಅಂದಿರಿ. ಅದೇ ದೊಡ್ಡ ಕಾರಣ. ಭಾನುವಾರ ನಿಮ್ಮ ರಿಸೀವರ್ ಕೈಕೊಟ್ಟರೆ ಅವರ ಡಬ್ಬದಲ್ಲಿ ಒಂದು ಇರುತ್ತದೆ. ಸೆಟಿಂಗ್ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಪಕ್ಕದವರು ತೋರಿಸುತ್ತಾರೆ.

ಕಾರ್ಪೆಟ್_ಹುಳು
ನಾನಿರುವುದು ಜರ್ಮನಿಯಲ್ಲಿ. ಚಳಿಗಾಲ ಪೂರ್ತಿ ಒಳಾಂಗಣದ ಕಾರ್ಪೆಟ್ ಟ್ರ್ಯಾಕಿನಲ್ಲಿ ಓಡಿಸುತ್ತೇವೆ. ಮೇಲಿನ ಮಾತು ಇಲ್ಲಿಗೂ ಸರಿ. ನಮ್ಮ ಕ್ಲಬ್ಬಿನಲ್ಲಿ ಸಾನ್ವಾ ಜಾಸ್ತಿ, ಹಾಗಾಗಿ ಹೊಸಬರಿಗೂ ಅದನ್ನೇ ಹೇಳುತ್ತಾರೆ.

ಇನ್ನೊಂದು ವಿಷಯ ಯಾರೂ ಮೊದಲು ಹೇಳುವುದಿಲ್ಲ. ಟ್ರ್ಯಾಕಿಗೆ ಹೋದರೆ ಲ್ಯಾಪ್ ಎಣಿಸಲು ಕಾರಿನಲ್ಲಿ ಟ್ರಾನ್ಸ್‌ಪಾಂಡರ್ ಇರಬೇಕು. ಅದು ಕರೆಂಟ್ ತಗೊಳ್ಳುವುದು ರಿಸೀವರಿನ ಖಾಲಿ ಪೋರ್ಟಿನಿಂದ. ಮೋಟರ್ ಫ್ಯಾನಿಗೂ ಅಲ್ಲಿಂದಲೇ ಎಳೆಯುತ್ತಾರೆ. ಎರಡೇ ಚಾನೆಲ್ಲಿನ ರಿಸೀವರ್ ಇದ್ದರೆ ಸ್ಟೀರಿಂಗ್, ಥ್ರಾಟಲ್ ಹಾಕಿದ ಮೇಲೆ ಜಾಗ ಉಳಿಯದಿರಬಹುದು. ಆಗ ಒಂದು ಪೋರ್ಟನ್ನು ಎರಡು ಮಾಡುವ ವೈ ಕೇಬಲ್ ಹುಡುಕಬೇಕು. ಮೂರನೇ ಚಾನೆಲ್ ನಾನು ಒತ್ತುವುದೇ ಇಲ್ಲ ಅನ್ನಬೇಡಿ, ಅದರ ಪೋರ್ಟ್ ಬೇಕು.

ಕ್ರಿಸ್ಟಲ್_ಕಾಲದವ
ನಾವು 27 ಮೆಗಾಹರ್ಟ್ಜ್ ಕಾಲದವರು. ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ಹೀಗೆ ಆರು ಬಣ್ಣ, ಫ್ರೀಕ್ವೆನ್ಸಿ ನಿಗದಿ ಮಾಡುವ ಆರು ಕ್ರಿಸ್ಟಲ್. ಇಬ್ಬರದು ಒಂದೇ ಬಣ್ಣ ಆದರೆ ಒಬ್ಬರು ಸುಮ್ನೆ ಕೂರಬೇಕು. ಕೇಳದೆ ಸ್ವಿಚ್ ಹಾಕಿದರೆ ಎದುರಿನವನ ಕಾರು ಗೋಡೆಗೆ. ಈಗ ಐದು ಸಾವಿರದೊಳಗಿನ 2.4 ಗಿಗಾಹರ್ಟ್ಜ್ ರೇಡಿಯೊ ತಾನೇ ಫ್ರೀಕ್ವೆನ್ಸಿ ಬದಲಿಸಿಕೊಂಡು ಓಡುತ್ತದೆ. ಇದರಲ್ಲಿ ಯಾವುದು ಕೆಟ್ಟದ್ದು ಅಂತ ಜಗಳ ಆಡುವವರನ್ನು ನೋಡಿದರೆ ನಗು ಬರುತ್ತದೆ.

ವೇಗದ_ಹುಚ್ಚ
ಕೆಟ್ಟದ್ದು ಇಲ್ಲ ಅನ್ನುವುದು ಸರಿಯಲ್ಲ. ಲೇಟೆನ್ಸಿ ಅಂತ ಒಂದಿದೆ. ಅಗ್ಗದ ರೇಡಿಯೊದಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರಿಗೆ ಗೊತ್ತಾಗುವುದು ತಡ. ಒಮ್ಮೆ ಸಾನ್ವಾದ ದುಬಾರಿ ಎಂ17 ಹಿಡಿದವರಿಗೆ ಜಿಟಿ3ಬಿ ಹಿಡಿದರೆ ಕಾರು ನಿದ್ದೆಯಲ್ಲಿ ಇದೆ ಅನ್ನಿಸುತ್ತದೆ. ರೇಸ್ ಮಾಡುವುದೇ ಆದರೆ ಸ್ವಲ್ಪ ಕಾದು ದುಡ್ಡು ಕೂಡಿಸಿ ಒಳ್ಳೆಯದನ್ನೇ ತಗೊಳ್ಳಿ.

ಬೆಸುಗೆ_ಕಡ್ಡಿ
@ವೇಗದ_ಹುಚ್ಚ ಲೇಟೆನ್ಸಿ ನಿಜ. ಆದರೆ ಲೆಕ್ಕ ಹಾಕಿ ಮಾತಾಡೋಣ.

ಕಾರು ಗಂಟೆಗೆ 36 ಕಿಲೋಮೀಟರ್ ಓಡುತ್ತಿದೆ ಅನ್ನಿ. ಅಂದರೆ ಸೆಕೆಂಡಿಗೆ 10 ಮೀಟರ್. ಒಂದು ಮಿಲಿಸೆಕೆಂಡಿಗೆ 1 ಸೆಂಟಿಮೀಟರ್. ಅಗ್ಗದ ರೇಡಿಯೊ ದುಬಾರಿಯದಕ್ಕಿಂತ 15 ಮಿಲಿಸೆಕೆಂಡ್ ತಡ ಅಂತ ಇಟ್ಟುಕೊಳ್ಳಿ. ಕಾರು 15 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಪರಿಣತನಿಗೆ ಅದು ದೊಡ್ಡದೇ.

ಈಗ ಸರ್ವೋ ನೋಡಿ. ಅಗ್ಗದ ಸರ್ವೋ 60 ಡಿಗ್ರಿ ತಿರುಗಲು 0.20 ಸೆಕೆಂಡ್ ತಗೊಳ್ಳುತ್ತದೆ. ಪರವಾಗಿಲ್ಲ ಅನ್ನುವಂಥ ಡಿಜಿಟಲ್ ಸರ್ವೋ 0.08 ಸೆಕೆಂಡ್. ಮಧ್ಯದಿಂದ ಪೂರ್ತಿ ಒಂದು ಕಡೆಗೆ ಸುಮಾರು 30 ಡಿಗ್ರಿ ಸಾಕು. ಅಂದರೆ ಒಂದಕ್ಕೆ 100 ಮಿಲಿಸೆಕೆಂಡ್, ಇನ್ನೊಂದಕ್ಕೆ 40. ವ್ಯತ್ಯಾಸ 60 ಮಿಲಿಸೆಕೆಂಡ್, ಅಂದರೆ ಅದೇ ವೇಗದಲ್ಲಿ 60 ಸೆಂಟಿಮೀಟರ್! ಟಿಟಿ-02 ಉದ್ದ ಎಷ್ಟು, ಅದಕ್ಕಿಂತ ಜಾಸ್ತಿ.

ಇದರ ಮೇಲೆ ಟಿಟಿ-02ರ ಸ್ಟೀರಿಂಗ್ ಕಡ್ಡಿಗಳೆಲ್ಲ ಪ್ಲಾಸ್ಟಿಕ್. ಚಕ್ರಕ್ಕೆ ಪೆಟ್ಟು ಬಿದ್ದಾಗ ಸರ್ವೋ ಕಾಯುವ ಭಾಗ ಸರ್ವೋ ಸೇವರ್, ಕಿಟ್ ಜೊತೆ ಬರುವುದು ಮೆತ್ತಗೆ. ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿ ನೋಡಿ, ಸರ್ವೋ ಅಲ್ಲಾಡದೆ ಚಕ್ರ ಮಾತ್ರ ಆಡುತ್ತದೆ. ಅಷ್ಟು ಸಡಿಲ ಇಟ್ಟುಕೊಂಡು 15 ಮಿಲಿಸೆಕೆಂಡಿಗೆ ಸಾವಿರಾರು ರೂಪಾಯಿ ಸುರಿಯುವುದು ಬೇಡ. 10 ಸಾವಿರದಲ್ಲಿ ಅರ್ಧದಷ್ಟು ರೇಡಿಯೊಗೆ, ಉಳಿದದ್ದು ಸರ್ವೋ ಮತ್ತು ಗಟ್ಟಿ ಸರ್ವೋ ಸೇವರಿಗೆ. ಇದು ನನ್ನ ತೀರ್ಪು.

ಒಂದು ಎಚ್ಚರಿಕೆ. ಕೆಲವು ರೇಡಿಯೊಗಳಲ್ಲಿ ಸರ್ವೋಗೆ ಹೋಗುವ ಸಿಗ್ನಲ್ಲಿನ ವೇಗ ಬದಲಿಸುವ ಆಯ್ಕೆ ಇರುತ್ತದೆ. ಸಾನ್ವಾದಲ್ಲಿ ಎಸ್‌ಎಚ್‌ಆರ್, ಎಸ್‌ಎಸ್‌ಆರ್ ಅನ್ನುತ್ತಾರೆ. ಅದು ಡಿಜಿಟಲ್ ಸರ್ವೋಗೆ, ಅದರಲ್ಲೂ ಎಸ್‌ಎಸ್‌ಆರ್ ಅದನ್ನು ಒಪ್ಪುವ ಸರ್ವೋಗೆ ಮಾತ್ರ. ಅನಲಾಗ್ ಸರ್ವೋಗೆ ಹೈಸ್ಪೀಡ್ ಹಾಕಿದರೆ ಸರ್ವೋ ಬಿಸಿಯಾಗಿ ಸುಟ್ಟೇ ಹೋಗಬಹುದು.

ವೇಗದ_ಹುಚ್ಚ
ಸರ್ವೋ ಲೆಕ್ಕ ಒಪ್ಪುತ್ತೇನೆ. ಟಿಟಿ-02ಗೆ ಸರಿ. ಮುಂದೆ ಒಳ್ಳೆ ಚಾಸಿಗೆ ಹೋದಾಗ ನನ್ನ ಮಾತು ನೆನಪಾಗುತ್ತದೆ.

ಡ್ರಿಫ್ಟ್_ಭೂತ
ಆರ್‌ಸಿ4ಜಿಎಸ್ ತಗೊಳ್ಳಿ. ಕಾರು ಜಾರಿದರೆ ತಾನೇ ಸ್ಟೀರಿಂಗ್ ತಿದ್ದುವ ಗೈರೋ ಇರುವ ರಿಸೀವರ್ ಸಿಗುತ್ತದೆ. ಕಾರು ಹಳಿಯ ಮೇಲೆ ಹೋದ ಹಾಗೆ ನೇರ ಹೋಗುತ್ತದೆ.

ಕೆಮ್ಮಣ್ಣು_ರೇಸರ್
ಡ್ರಿಫ್ಟಿಗೆ, ಅಂದರೆ ಕಾರನ್ನು ಬೇಕಂತಲೇ ಜಾರಿಸಿ ಓಡಿಸಲು, ಗೈರೋ ಒಳ್ಳೆಯದು, ಹಿಂದಿನ ಚಕ್ರದ ಡ್ರಿಫ್ಟ್ ಕಾರಂತೂ ಅದಿಲ್ಲದೆ ಗಿರಕಿ ಹೊಡೆಯುತ್ತದೆ. ಆದರೆ ಬಹುತೇಕ ರೇಸುಗಳಲ್ಲಿ ಸ್ಟೀರಿಂಗ್ ಗೈರೋಗೆ ಅವಕಾಶ ಇಲ್ಲ. ಜಿಟಿ5 ಜೊತೆ ಬರುವ ಬಿಎಸ್6 ರಿಸೀವರಿನಲ್ಲೂ ಗೈರೋ ಇದೆ. ಆಫ್ ಮಾಡಬಹುದು. ಆದರೂ ದೊಡ್ಡ ರೇಸಿಗೆ ಹೋಗುವ ಮುಂಚೆ ಕೇಳಿಕೊಳ್ಳಿ, ಆಫ್ ಇದೆ ಅಂದರೂ ಒಪ್ಪದವರು ಇರುತ್ತಾರೆ. ಗೈರೋ ಇಲ್ಲದ ಎ3 ಅನ್ನುವ ಪುಟ್ಟ ರಿಸೀವರ್ ಅದೇ ಪ್ರೋಟೊಕಾಲಿನದು, ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನೇ ಹಾಕಿದರೆ ಚರ್ಚೆಯೇ ಇಲ್ಲ.

ಮತ್ತೆ, ಗೈರೋ ಹಾಕಿ ಕಲಿತವರಿಗೆ ಗೈರೋ ತೆಗೆದ ದಿನ ಕಾರು ಓಡಿಸಲು ಬರುವುದಿಲ್ಲ. ಇದು ನನ್ನ ಅಭಿಪ್ರಾಯ, ಡ್ರಿಫ್ಟಿನವರು ಬೈಯಬೇಡಿ.

ಅಪ್ಪ_ಮಗಳ_ಗ್ಯಾರೇಜ್
ಪಟ್ಟಿಯಲ್ಲಿ ಇಲ್ಲದ ಒಂದು ವಿಷಯ: ಕೈ. ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳ ಬೆರಳು ಎಲ್ಲ ಟ್ರಿಗರಿಗೂ ಸರಿಯಾಗಿ ಎಟಕುವುದಿಲ್ಲ. ಭಾರದ ರೇಡಿಯೊ ಐದು ನಿಮಿಷಕ್ಕೇ ಕೆಳಗೆ ಜಾರುತ್ತದೆ, ಆಗ ಸ್ಟೀರಿಂಗ್ ಚಕ್ರವೂ ಓರೆಯಾಗುತ್ತದೆ. ಕೊಳ್ಳುವ ಮುಂಚೆ ಗೆಳೆಯರ ರೇಡಿಯೊ ಒಂದು ಪೂರ್ತಿ ಬ್ಯಾಟರಿ ಮುಗಿಯುವವರೆಗೆ ಹಿಡಿದು ಓಡಿಸಿ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದರೆ ಏನೂ ಗೊತ್ತಾಗಲ್ಲ.

ಬ್ಯಾಟರಿ ಲೆಕ್ಕವೂ ನೋಡಿ. ಜಿಟಿ3ಬಿಗೆ ಎಎ ಸೆಲ್ ಎಂಟು. ಜಿಟಿ5ಗೆ ನಾಲ್ಕು, ಎಂಎಕ್ಸ್-6ಗೂ ನಾಲ್ಕೇ. ಎಂಟು ಸೆಲ್ಲಿನ ತೂಕವೂ ಇದೆ, ಖರ್ಚೂ ಇದೆ. ಮೊದಲ ದಿನವೇ ರೀಚಾರ್ಜ್ ಆಗುವ ನಿಕಲ್ ಸೆಲ್ ತಗೊಂಡುಬಿಡಿ.

ಟಿಟಿ02_ಹೊಸಬ
ಇದು ಉಪಯೋಗ ಆಯಿತು. ಒಂದು ಅನುಮಾನ. ಇಪಿಎ, ಡ್ಯುಯಲ್ ರೇಟ್, ಎಕ್ಸ್‌ಪೋ ಅಂತ ಎಲ್ಲ ಕಡೆ ಬರೆದಿರುತ್ತದೆ. ಇದರಲ್ಲಿ ನಿಜವಾಗಿ ಬೇಕಾದದ್ದು ಯಾವುದು?

ಬೆಸುಗೆ_ಕಡ್ಡಿ
ಒಂದನ್ನೇ ಆರಿಸು ಅಂದರೆ ಇಪಿಎ. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಬೇರೆಬೇರೆಯಾಗಿ ನಿಗದಿ ಮಾಡುವುದು ಅದು. ಆಟಿಕೆ ರಿಮೋಟಿನಲ್ಲಿ ಡ್ಯುಯಲ್ ರೇಟ್ ಗುಂಡಿ ಮಾತ್ರ ಇರುತ್ತದೆ, ಅದು ಎರಡೂ ಕಡೆ ಒಂದೇ ಸಮ ಕಡಿಮೆ ಮಾಡುತ್ತದೆ. ಆದರೆ ಕಾರು ಎರಡೂ ಕಡೆ ಒಂದೇ ಸಮ ತಿರುಗುವುದು ಅಪರೂಪ. ಸರ್ವೋ ಹಾರ್ನ್ (ಸರ್ವೋ ಮೇಲಿನ ಪುಟ್ಟ ತೋಳು) ಒಂದು ಹಲ್ಲು ಆಚೀಚೆ ಕೂತರೂ ಸಾಕು, ಬಲಕ್ಕೆ ಚಿಕ್ಕ ಸುತ್ತು, ಎಡಕ್ಕೆ ದೊಡ್ಡ ಸುತ್ತು.

ಹೇಗೆ ಮಾಡುವುದು: ಕಾರನ್ನು ಸ್ಟ್ಯಾಂಡ್ ಮೇಲೆ ಇಡಿ. ಸ್ಟೀರಿಂಗ್ ಪೂರ್ತಿ ಎಡಕ್ಕೆ ಹಿಡಿಯಿರಿ. ಸರ್ವೋ ಝುಯ್ ಅಂತ ಗುನುಗುತ್ತಿದ್ದರೆ ಚಕ್ರ ಆಗಲೇ ಕೊನೆ ಮುಟ್ಟಿದೆ, ಸರ್ವೋ ಮಾತ್ರ ತಳ್ಳುತ್ತಿದೆ ಅಂತ ಅರ್ಥ. ಗುನುಗು ನಿಲ್ಲುವವರೆಗೆ ಎಡದ ಇಪಿಎ ಇಳಿಸಿ. ಬಲಕ್ಕೂ ಹಾಗೇ. ಆಮೇಲೆ ನೆಲಕ್ಕಿಟ್ಟು ಎರಡೂ ಕಡೆ ನಿಧಾನ ಸುತ್ತು ಹಾಕಿಸಿ, ಸುತ್ತಿನ ಅಗಲ ಒಂದೇ ಆಗುವ ಹಾಗೆ ಚಿಕ್ಕ ಸುತ್ತು ಬರುವ ಕಡೆಯ ಇಪಿಎ ಇಳಿಸಿ ದೊಡ್ಡ ಸುತ್ತಿಗೆ ಹೊಂದಿಸಿ.

ಎಕ್ಸ್‌ಪೋ ಅಂದರೆ ಮಧ್ಯದ ಹತ್ತಿರ ಸ್ಟೀರಿಂಗ್ ಎಷ್ಟು ಚುರುಕು ಅನ್ನುವುದು, ರುಚಿಗೆ ತಕ್ಕ ಉಪ್ಪು. ಎಬಿಎಸ್ ಅನ್ನುವುದು, ಬ್ರೇಕನ್ನು ಬಿಟ್ಟುಬಿಟ್ಟು ಹಿಡಿಯುವ ಸೆಟಿಂಗ್, ನೈಟ್ರೋ ಇಂಧನದ ಕಾರಿನವರಿಗೆ ಹೆಚ್ಚು ಉಪಯೋಗ. ಪ್ರತಿ ಕಾರಿನ ಸೆಟಿಂಗ್ ಬೇರೆಬೇರೆಯಾಗಿ ಉಳಿಸುವ ಮಾಡೆಲ್ ಮೆಮೊರಿ ಬೇಕು. ಆದರೆ ಜಿಟಿ3ಬಿಯಲ್ಲಿ 10, ಜಿಟಿ5ನಲ್ಲಿ 20, ನಿಮಗೆ ಎರಡೂ ಜಾಸ್ತಿಯೇ.

ಅಪ್ಪ_ಮಗಳ_ಗ್ಯಾರೇಜ್
ಥ್ರಾಟಲ್ಲಿಗೂ ಇಪಿಎ ಇದೆ ಅನ್ನುವುದು ಮರೆಯಬೇಡಿ. ಮಗಳು ಓಡಿಸುವಾಗ ಮುಂದಿನ ಥ್ರಾಟಲ್ 50ಕ್ಕೆ ಇಳಿಸುತ್ತೇನೆ. ಬ್ರೇಕ್ ಹಾಗೇ ಬಿಡುತ್ತೇನೆ. ಈಗ ಅವಳೇ ಕದ್ದು 70 ಮಾಡಿಕೊಳ್ಳುತ್ತಾಳೆ, ಅದು ಬೇರೆ ಮಾತು.

ಡ್ರೋನ್_ಕಡೆಯವ
ರೇಡಿಯೊಮಾಸ್ಟರ್ ಎಂಟಿ12 ಯಾರೂ ಹೇಳಲಿಲ್ಲವಲ್ಲ? ಎಡ್ಜ್‌ಟಿಎಕ್ಸ್ ಅನ್ನುವ ಸಾಫ್ಟ್‌ವೇರ್ ಓಡುತ್ತದೆ, ಇಎಲ್‌ಆರ್‌ಎಸ್ ಅನ್ನುವ ಪ್ರೋಟೊಕಾಲಿನ ಮಾಡೆಲ್ ಇದೆ, ಹಲವು ಪ್ರೋಟೊಕಾಲ್ ಮಾತಾಡುವ ಫೋರ್-ಇನ್-ಒನ್ ಮಾಡೆಲ್ಲೂ ಇದೆ. ಡ್ರೋನ್ ಹಾರಿಸುವವರಿಗೆ ಇದೆಲ್ಲ ಹಳೆ ಪರಿಚಯ. ಇಎಲ್‌ಆರ್‌ಎಸ್ ರಿಸೀವರ್ ಅಗ್ಗ, ಬೇರೆಬೇರೆ ಕಂಪನಿಯವು ಒಂದಕ್ಕೊಂದು ಹೊಂದುತ್ತವೆ. ರಿಸೀವರ್ ಲೆಕ್ಕ ಮಾಡಿ ಅನ್ನುವವರು ಇದನ್ನು ನೋಡಲೇಬೇಕು.

ಕೆಮ್ಮಣ್ಣು_ರೇಸರ್
ಒಳ್ಳೆ ಮಾತು. ಮೆನುವಿನಲ್ಲಿ ಮುಳುಗಿ ಏಳುವ ಆಸಕ್ತಿ ಇದ್ದವರಿಗೆ ಅದು ಚೆನ್ನಾಗಿದೆ. ಸ್ಟೀರಿಂಗ್ ರಿವರ್ಸ್ ಎಲ್ಲಿದೆ ಅಂತ ಹುಡುಕುವ ಹೊಸಬರ ಕೈಗೆ ಎಡ್ಜ್‌ಟಿಎಕ್ಸ್ ಕೊಟ್ಟರೆ ಭಾನುವಾರ ಪೂರ್ತಿ ಪರದೆ ನೋಡುತ್ತಾ ಕೂರುತ್ತಾರೆ. ಎರಡನೇ ರೇಡಿಯೊ ಆಗಿ ತಗೊಳ್ಳಲಿ.

ಟಿಟಿ02_ಹೊಸಬ
ಹೊರದೇಶದ ಸೈಟಿನಿಂದ ತರಿಸಿದರೆ ಕಡಿಮೆಗೆ ಬೀಳುತ್ತದೆ ಅಂತ ಗೆಳೆಯ ಹೇಳುತ್ತಾನೆ. ಮಾಡಬಹುದಾ? ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡ್?

ಎಸ್ಪಿರೋಡ್_ಗಿರಾಕಿ
ತರಿಸಬಹುದು, ಆದರೆ ಟ್ರಾನ್ಸ್‌ಮಿಟರ್ ಅನ್ನುವುದು ವೈರ್‌ಲೆಸ್ ಉಪಕರಣ. 2.4 ಗಿಗಾಹರ್ಟ್ಜ್ ಬ್ಯಾಂಡ್ ಬಳಸಲು ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ, ಸರಿ. ಹಾಗಂತ ಆಮದಿಗೆ ಕೇಳುವ ಕಾಗದ ತಪ್ಪುವುದಿಲ್ಲ. ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ಕೊಡುವ ಇಟಿಎ ಅನ್ನುವ ಒಪ್ಪಿಗೆ ಪತ್ರ ಎಲ್ಲಿ ಅಂತ ಕಸ್ಟಮ್ಸಿನವರು ಕೇಳಿದರೆ ನಿಮ್ಮ ಹತ್ತಿರ ಏನಿರುತ್ತದೆ? ಪಾರ್ಸೆಲ್ ಅಲ್ಲೇ ಕೂರುತ್ತದೆ. ಸುಂಕ ಬೇರೆ. ಇಲ್ಲಿನ ಮಾರಾಟಗಾರರಿಂದಲೇ ಬಿಲ್ ಸಮೇತ ತಗೊಳ್ಳಿ. ಎಸ್‌ಪಿ ರೋಡಿನಲ್ಲಿ ರೊಬಾಟಿಕ್ಸ್, ಡ್ರೋನ್ ಸಾಮಾನು ಇಡುವ ಅಂಗಡಿಗಳಲ್ಲೂ ಒಮ್ಮೆ ಕೇಳಿ ನೋಡಿ.

ಸೆಕೆಂಡ್ ಹ್ಯಾಂಡ್ ಒಳ್ಳೆಯದೇ, ನೋಡಿ ತಗೊಂಡರೆ. ಮೊದಲು ರಿಸೀವರ್ ಈಗಲೂ ಸಿಗುತ್ತದಾ ಅಂತ ನೋಡಿ. ಫುಟಾಬಾ ಕಂಪನಿಯ ಹಳೆ ಫಾಸ್ಟ್ ಪ್ರೋಟೊಕಾಲ್ ಕಾಲದ ಕಾರ್ ರೇಡಿಯೊ ಕೈಗೆ ಸೊಗಸು, ಹೊಸ ರಿಸೀವರ್ ಹುಡುಕುವುದೇ ಕಷ್ಟ. ಆಮೇಲೆ ಸ್ಟೀರಿಂಗ್ ಚಕ್ರವನ್ನು ಪೂರ್ತಿ ತಿರುಗಿಸಿ ಥಟ್ಟನೆ ಬಿಡಿ. ಎಡದಿಂದ ಬಿಟ್ಟಾಗಲೂ ಬಲದಿಂದ ಬಿಟ್ಟಾಗಲೂ ಮುಂದಿನ ಚಕ್ರ ಒಂದೇ ಜಾಗಕ್ಕೆ ಬರಬೇಕು. ಮಧ್ಯದಲ್ಲಿ ಸರ್ವೋ ತಾನಾಗಿ ನಡುಗಿದರೆ ರೇಡಿಯೊ ಒಳಗೆ ಸ್ಟೀರಿಂಗ್ ಎಷ್ಟು ತಿರುಗಿತು ಅಂತ ಅಳೆಯುವ ಪೊಟೆನ್ಶಿಯೋಮೀಟರ್ ಸವೆದಿರಬಹುದು. ಬೆಲೆ ಎಷ್ಟೇ ಇಳಿಸಿದರೂ ಬೇಡ.

ಹುಬ್ಳಿ_ಬಗ್ಗಿ
ನನ್ನದು ಅಗ್ಗದ ರೇಡಿಯೊ, ಹೆಸರು ಬೇಡ. ಜೋರಾಗಿ ಸ್ಟೀರಿಂಗ್ ತಿರುಗಿಸಿದರೆ ಕಾರು ಒಂದು ಕ್ಷಣ ಸತ್ತು ಮತ್ತೆ ಎದ್ದೇಳುತ್ತದೆ. ರೇಡಿಯೊ ರೇಂಜ್ ಕಡಿಮೆ ಅಂತ ಅಂಗಡಿಯವರು ದುಬಾರಿಯದು ತಗೊಳ್ಳಿ ಅಂದರು. ತಗೊಳ್ಳಲೇ?

ಬೆಸುಗೆ_ಕಡ್ಡಿ
ನಿಲ್ಲಿ! ಅದು ರೇಂಜ್ ಅಲ್ಲ. ಕಾರು ಎಷ್ಟು ದೂರ ಇದ್ದಾಗ ಹಾಗಾಗುತ್ತದೆ? ಕಾಲ ಬುಡದಲ್ಲೂ ಆದರೆ ಅದು ಕರೆಂಟಿನ ವಿಷಯ. ಸರ್ವೋ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ಇಎಸ್‌ಸಿಯೊಳಗಿಂದ ರಿಸೀವರ್, ಸರ್ವೋಗೆ ಕರೆಂಟ್ ಕೊಡುವ ಬಿಇಸಿ ಕುಸಿಯುತ್ತದೆ, ರಿಸೀವರಿಗೆ ವೋಲ್ಟೇಜ್ ಸಾಲದೆ ರೀಸ್ಟಾರ್ಟ್ ಆಗುತ್ತದೆ. ಬಾಡಿ ತೆಗೆದು ರಿಸೀವರಿನ ಎಲ್‌ಇಡಿ ನೋಡುತ್ತಾ ಸ್ಟೀರಿಂಗ್ ಆಚೀಚೆ ಬೀಸಿ. ಎಲ್‌ಇಡಿ ಮಿನುಗಿದರೆ ಕಳ್ಳ ಸಿಕ್ಕಿದ. ಖಾಲಿ ಪೋರ್ಟಿಗೆ ಒಂದು ಕೆಪಾಸಿಟರ್ ಹಾಕಿ, ಗ್ಲಿಚ್ ಬಸ್ಟರ್ ಅಂತಲೇ ಸಿಗುತ್ತದೆ. ಸಾಲದಿದ್ದರೆ ಬೇರೆ ಬಿಇಸಿ. ಟಿಟಿ-02 ಕಿಟ್ಟಿನ ಇಎಸ್‌ಸಿಗೆ ಭಾರಿ ಸರ್ವೋ ಹಾಕುವವರೂ ಇದನ್ನು ನೋಡಿಕೊಳ್ಳಿ.

ದೂರದಲ್ಲಿ ಮಾತ್ರ ಆದರೆ ಆಂಟೆನಾ ನೋಡಿ. 2.4 ಗಿಗಾಹರ್ಟ್ಜ್ ರಿಸೀವರಿನ ವೈರಿನ ತುದಿಯಲ್ಲಿ ಸುಮಾರು 3 ಸೆಂಟಿಮೀಟರ್ ಭಾಗವೇ ನಿಜವಾದ ಆಂಟೆನಾ, ಉಳಿದದ್ದು ಬರೀ ಕೇಬಲ್. ಆ ತುದಿಯನ್ನು ಮಡಚಬೇಡಿ, ಕತ್ತರಿಸಬೇಡಿ, ಬ್ಯಾಟರಿ ಪಕ್ಕ ಸುತ್ತಿಡಬೇಡಿ. ಕಾರ್ಬನ್ ಚಾಸಿ ಆದರೆ ಪ್ಲಾಸ್ಟಿಕ್ ಕೊಳವೆಯಲ್ಲಿ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ.

ಹುಬ್ಳಿ_ಬಗ್ಗಿ
ಎಲ್‌ಇಡಿ ಮಿನುಗುತ್ತಿದೆ. ಕಾರು ಎದುರಿಗೇ ಇದೆ. ಥ್ಯಾಂಕ್ಸ್ ರೀ, ದುಡ್ಡು ಉಳೀತು.

ಟಿಟಿ02_ಹೊಸಬ
ಎಲ್ಲರಿಗೂ ಧನ್ಯವಾದ. ಗೆಳೆಯನ ಜಿಟಿ5 ಹಿಡಿದು ಎರಡು ಬ್ಯಾಟರಿ ಓಡಿಸಿದೆ. ಕೈಗೆ ಹೊಂದಿತು. ಅದನ್ನೇ ತಗೊಂಡೆ, ಜೊತೆಗೆ ಒಂದು ಎ3 ರಿಸೀವರ್. ಉಳಿದ ದುಡ್ಡಿನಲ್ಲಿ ಡಿಜಿಟಲ್ ಸರ್ವೋ, ಗಟ್ಟಿ ಸರ್ವೋ ಸೇವರ್. ಬೈಂಡ್ ಆಯಿತು. ಸ್ಟೀರಿಂಗ್ ಇಪಿಎ ಮೇಲೆ ಹೇಳಿದ ಹಾಗೆ ಮಾಡಿದೆ, ಗುನುಗು ನಿಂತಿತು. ಆದರೆ ಟ್ರಿಗರ್ ಎಳೆದರೆ ಕಾರು ಹಿಂದಕ್ಕೆ ಹೋಗುತ್ತದೆ, ತಳ್ಳಿದರೆ ಮುಂದಕ್ಕೆ. ಮೋಟರ್ ವೈರ್ ಅದಲುಬದಲು ಮಾಡಲೇ?

ಕೆಮ್ಮಣ್ಣು_ರೇಸರ್
ವೈರ್ ಮುಟ್ಟಬೇಡಿ. ಹಾಗೆ ಮಾಡಿದರೆ ಕಾರು ಮುಂದಕ್ಕೆ ಹೋಗುತ್ತದೆ, ಆದರೆ ಇಎಸ್‌ಸಿ ಅದನ್ನು ರಿವರ್ಸ್ ಅಂತಲೇ ತಿಳಿದಿರುತ್ತದೆ, ಬ್ರೇಕ್ ಎಲ್ಲ ಉಲ್ಟಾ. ರೇಡಿಯೊ ಮೆನುವಿನಲ್ಲಿ ಥ್ರಾಟಲ್ ಚಾನೆಲ್ ರಿವರ್ಸ್ ಮಾಡಿ. ಥ್ರಾಟಲ್ ಇಪಿಎ ಎರಡೂ ಕಡೆ 100 ಇರಲಿ, ಟ್ರಿಮ್ ಸೊನ್ನೆ. ಆಮೇಲೆ ಇಎಸ್‌ಸಿಯ ಸೆಟ್ ಬಟನ್ ಒತ್ತಿ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಪೂರ್ತಿ ಥ್ರಾಟಲ್, ಪೂರ್ತಿ ಬ್ರೇಕ್ ಮತ್ತೆ ಕಲಿಸಿ.

ಅದಾದ ಮೇಲೆ ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದರೆ ಕಾರು ತಾನೇ ನಿಲ್ಲುವ ವ್ಯವಸ್ಥೆ. ಕಾರು ಸ್ಟ್ಯಾಂಡ್ ಮೇಲೇ ಇರಲಿ. ಸ್ವಲ್ಪ ಥ್ರಾಟಲ್ ಕೊಟ್ಟು ಚಕ್ರ ತಿರುಗುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಚಕ್ರ ನಿಲ್ಲಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ರಿಸೀವರ್ ಕೊನೆಯ ಸಿಗ್ನಲ್ ಹಿಡಿದುಕೊಂಡಿದೆ, ಫೇಲ್‌ಸೇಫ್ ಹಾಕದೆ ರಸ್ತೆಗೆ ಇಳಿಸಬೇಡಿ. ಲೇಔಟ್ ರಸ್ತೆ ಅಂದಿರಿ, ಬೆಳಗ್ಗೆ ವಾಕಿಂಗ್ ಬರುವವರ ಕಾಲು ಇರುತ್ತದೆ.

ಟಿಟಿ02_ಹೊಸಬ
ಚಾನೆಲ್ ರಿವರ್ಸ್ ಆಯಿತು, ಬ್ರೇಕ್ ಸರಿಯಾಯಿತು. ಫೇಲ್‌ಸೇಫ್ ಮಾಡಿ ನೋಡಿದೆ, ಮೊದಲ ಸಲ ಚಕ್ರ ನಿಲ್ಲಲಿಲ್ಲ. ಈಗ ಮೆನುವಿನಲ್ಲಿ ಹಾಕಿದ್ದೇನೆ, ನಿಲ್ಲುತ್ತದೆ.

ಎಸ್ಪಿರೋಡ್_ಗಿರಾಕಿ
ಸಾನ್ವಾ ಮುಟ್ಟೋಕೆ ಬಿಡದ ಆ ಗೆಳೆಯನಿಗೆ ಭಾನುವಾರ ಏನಾಯ್ತು ಅಂತ ಬರೀರಿ.